ಎಡಕ್ಕೆ ಮಾತ್ರ ತಿರುಗಿದ ಜಟಕಾ

ಕಳೆದ ಶುಕ್ರವಾರ ಬೆಳಿಗ್ಗೆ ಜಟಕಾ ಚಾಚಾ ತೀರಿಕೊಂಡರು. ಹಲಸೂರಿನ ನಮ್ಮ ಗಲ್ಲಿಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಎದುರುಮನೆಯಲ್ಲಿ ನಾಲ್ಕು ವರ್ಷ ಇದ್ದರೂ ಅವರ ನಿಜವಾದ ಹೆಸರೇನೆಂದು ಕೇಳುವ ಸೌಜನ್ಯ ನನಗಿರಲಿಲ್ಲ. ಕೇಳಬೇಕಾಗಿ ಬಂದದ್ದು ಒಂದು ಕೆಲಸದ ಅರ್ಜಿ ತುಂಬಿಸುವಾಗ. ಆ ಅರ್ಜಿಯನ್ನು ಬರೆದವಳು ನಾನೇ. ನನ್ನ ಅಕ್ಷರ ದುಂಡಗಿದೆ ಎಂದು ಶಾಲೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಅದೇ ದುಂಡಗಿನ ಅಕ್ಷರದಲ್ಲಿ ಒಬ್ಬ ಮನುಷ್ಯನ ಮನೆ ಹಾಳು ಮಾಡಿದೆ. ಆ ಹೆಸರನ್ನು ಇಲ್ಲಿ ಇನ್ನೊಂದು ಸಲ ಬರೆಯುವುದಿಲ್ಲ.

ನಾನು ದಾವಣಗೆರೆಯವಳು. ಶಿವಾಜಿನಗರದ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಟೀಚರು. ಚಾಚಾ ನನಗೆ ಪರಿಚಯವಾದದ್ದೂ ಶಾಲೆಯಲ್ಲೇ, ಅದೂ ಜಗಳದಿಂದ. ಅವರ ಮಗಳು ರೇಷ್ಮಾ ಆಗ ಆರನೆಯ ತರಗತಿಯಲ್ಲಿದ್ದಳು. ಒಂದು ದಿನ ಹೋಂವರ್ಕ್ ಎಲ್ಲಿ ಎಂದು ಕೇಳಿದರೆ, "ಟೀಚರ್, ನೂರಿ ತಿಂದ್ಬಿಟ್ಲು" ಅಂದಳು. ಕೇಳಿಸಿಕೊಳ್ಳುತ್ತೇನೆಯೇ? ಬಾಗಿಲ ಹೊರಗೆ ನಿಲ್ಲಿಸಿದೆ. ಮಾರನೆಯ ದಿನ ಪ್ರಾರ್ಥನೆ ಮುಗಿಯುವ ಮೊದಲೇ ಒಬ್ಬ ಎತ್ತರದ, ಒಣಕಲು ಮನುಷ್ಯ ಗೇಟಿನೊಳಗೆ ನುಗ್ಗಿದರು. ಚೆಕ್ಸ್ ಲುಂಗಿ, ಬಿಳಿ ಟೋಪಿ, ಕೈಯಲ್ಲಿ ಅರ್ಧ ಹರಿದ ನೋಟ್‌ಬುಕ್ಕು.

"ಟೀಚರಮ್ಮಾ, ನಮ್ ಹುಡ್ಗಿ ಸುಳ್ಳು ಹೇಳಲ್ಲ. ನೋಡ್ಕೊಳ್ಳಿ. ಅರ್ಧ ಇಲ್ಲಿದೆ, ಇನ್ನರ್ಧ ನೂರಿ ಹೊಟ್ಟೇಲಿದೆ. ಅದೂ ಬೇಕು ಅಂದ್ರೆ ನಾಳೆ ತರ್ತೀನಿ."

ಹೆಡ್‌ಮಿಸ್ ಸಹಿತ ನಕ್ಕರು. ಗೇಟಿನಾಚೆ ಜಟಕಾ ನಿಂತಿತ್ತು. ಗಾಡಿಯ ಎರಡು ಮೂಕಿಮರಗಳ ನಡುವೆ ಕಂದು ಬಣ್ಣದ ಒಂದು ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿ ಮಚ್ಚೆ. ತನಗೂ ಈ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ನಿಂತಿತ್ತು ಅದು. ಅದೇ ವರ್ಷ ಅವರ ಎದುರುಮನೆ ಖಾಲಿಯಾಯಿತು, ರೇಷ್ಮಾ ಬಂದು ಹೇಳಿದಳು, ನಾನು ಬಾಡಿಗೆಗೆ ಬಂದೆ.

ಕುದುರೆಯಿರುವ ಮನೆಯ ಸಂಸಾರ ಹೇಗಿರುತ್ತದೆಂದು ಆಗ ತಿಳಿಯಿತು. ಕೆಳಗೆ ಕುದುರೆ, ಮೇಲೆ ಮನುಷ್ಯರು. ಮೆಟ್ಟಿಲು ಹತ್ತಬೇಕಾದರೆ ನೂರಿಯನ್ನು ಸ್ವಲ್ಪ ಪಕ್ಕಕ್ಕೆ ಸರಿ ಎಂದು ಕೇಳಿಕೊಳ್ಳಬೇಕು. ಚಾಚಾರ ಹೆಂಡತಿ, ನಮ್ಮೆಲ್ಲರ ಚಾಚಿ, ರಾತ್ರಿ ನೆನೆಹಾಕಿದ ಹುರುಳಿಯನ್ನು ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಕಾಳು ನೂರಿಗೆ, ಬಸಿದ ಕಟ್ಟು ಮನೆಯವರ ಸಾರಿಗೆ. ನೂರಿ ಬಾಯಿ ಹಾಕುವವರೆಗೆ ಮನೆಯಲ್ಲಿ ಯಾರೂ ತಟ್ಟೆಯ ಮುಂದೆ ಕೂರುವಂತಿಲ್ಲ. "ದುಡಿಯೋರು ಮೊದ್ಲು ತಿನ್ಬೇಕು" ಎನ್ನುತ್ತಿದ್ದರು ಚಾಚಾ. "ಹಾಗಾದ್ರೆ ನಾನು ಯಾವಾಗ ತಿನ್ಬೇಕು?" ಎಂದು ಚಾಚಿ ಕೇಳುತ್ತಿದ್ದರು. ಇದು ದಿನಾ ಇರುತ್ತಿದ್ದ ಜಗಳ. ಆ ಹುರುಳಿ ಸಾರು ಒಂದು ಬಟ್ಟಲು ನಮ್ಮ ಮನೆಗೂ ಬರುತ್ತಿತ್ತು, ಅಂಥ ಸಾರನ್ನು ನಮ್ಮವ್ವ ಕೂಡ ಮಾಡಿದ್ದಿಲ್ಲ.

ಚಾಚಾ ಸಾಧು ಮನುಷ್ಯರಾಗಿರಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ದೇವರು ಮಾಡುವ ಚಾಳಿ ನಮಗಿದೆ, ನನ್ನಿಂದ ಅದಾಗದು. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಕುದುರೆಯ ಜೊತೆ ದಖ್ಖನಿ, ನಮ್ಮ ಜೊತೆ ಕನ್ನಡ, ಅಡ್ಡ ಬಂದ ಸ್ಕೂಟರಿನವರ ಜೊತೆ ಚೊಕ್ಕ ತಮಿಳು. ಬೆಳಗಿನ ಜಾವ ರಸೆಲ್ ಮಾರುಕಟ್ಟೆಯಿಂದ ಹೋಟೆಲುಗಳಿಗೆ ತರಕಾರಿ ಮೂಟೆ ಹೊಡೆಯುತ್ತಿದ್ದರು, ಸೀಸನ್ನಿನಲ್ಲಿ ನೂರಿಗೆ ಜರಿ ಬಟ್ಟೆ ಹೊದಿಸಿ ಮದುವೆ ಮೆರವಣಿಗೆಗೆ ಹೋಗುತ್ತಿದ್ದರು. ಚಾವಟಿಯೊಂದು ಜಟಕಾದಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಅದು ಕುದುರೆಯ ಮೈ ಮುಟ್ಟಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಫ್ರೇಜರ್ ಟೌನಿನಲ್ಲಿ ಮದುಮಗನ ಗೆಳೆಯರು ಮೆರವಣಿಗೆಯ ನಡುವೆ ನೂರಿಯ ಕಾಲ ಹತ್ತಿರವೇ ಪಟಾಕಿ ಸರ ಹಚ್ಚಿದರಂತೆ. ಚಾಚಾ ಮದುಮಗನನ್ನು ಇಳಿಸಿ, ಜರಿ ಬಟ್ಟೆ ಕಿತ್ತು ಹೆಗಲಿಗೆ ಹಾಕಿಕೊಂಡು, ಕುದುರೆ ಹಿಡಿದು ಮನೆಗೆ ಬಂದುಬಿಟ್ಟರು. ಮದುಮಗ ನಡೆದುಕೊಂಡು ಮಂಟಪ ಸೇರಿದ.

"ಏನ್ ಚಾಚಾ, ಶುಭಕಾರ್ಯ ಅಲ್ವಾ?" ಎಂದೆ.

"ಶಾದಿ ಅವನ್ದು. ಕಾಲು ನೂರೀದು. ಅವಳು ಬೇಡ ಅಂದ್ರೆ ಬೇಡ, ನಕ್ಕೋ ಅಂದ್ರೆ ನಕ್ಕೋ, ಮುಗೀತು."

ಬೇಡ ಎನ್ನುವುದು ಅವರಿಗೆ ಅಷ್ಟು ಸಲೀಸಾಗಿತ್ತು. ಆಮೇಲೆ ಏನಾಯಿತೆಂದು ತಿಳಿಯಲು ಇದು ನೆನಪಿರಬೇಕು.

ಕೆ.ಆರ್. ಪುರದಿಂದಾಚೆ ಹಳೇ ಮದ್ರಾಸ್ ರಸ್ತೆಯ ಪಕ್ಕ ಯಾರೋ ಜಮೀನು ಹಿಡಿದು 'ಹಳೇ ಊರು' ಮಾದರಿಯ ಒಂದು ಮ್ಯೂಸಿಯಂ ಮಾಡಿದರು. ಕುಂಬಾರನ ಮನೆ, ಕಮ್ಮಾರನ ಕುಲುಮೆ, ಗಾಣ, ಕಟ್ಟೆ, ಬಾವಿ. ಒಳಗೆಲ್ಲ ಸಿಮೆಂಟಿನ ಮನುಷ್ಯರು. ಶಾಲೆಗಳನ್ನು ಕರೆಸಿ ಮಕ್ಕಳಿಗೆ ತೋರಿಸುತ್ತಾರೆ. ನಮ್ಮ ಶಾಲೆಯವರನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅಲ್ಲಿನ ಮ್ಯಾನೇಜರು, ಇಸ್ತ್ರಿ ಅಂಗಿಯ ಯುವಕ, ಬಹಳ ವಿನಯದಿಂದ ಹೇಳಿದ: "ಮೇಡಂ, ಎಲ್ಲಾ ಇದೆ, ಒಂದು ಜಟಕಾ ಇಲ್ಲ. ಯಾರಾದ್ರೂ ಗೊತ್ತಾ?"

ಗೊತ್ತು ಎಂದೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಅರ್ಥ ಬಿಡಿಸಿ ಹೇಳುವವಳು ನಾನು. ಆದರೆ ನಾನು ಬಿಟ್ಟ ಇರುವೆ ಇನ್ನೊಬ್ಬರ ಮೈಮೇಲೆ ಬಿತ್ತು.

ಚಾಚಾ ಮೊದಲು ಒಪ್ಪಲಿಲ್ಲ. "ಅಲ್ಲಿ ರಸ್ತೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು.

"ಎಲ್ಲಿಗೂ ಹೋಗಲ್ಲ ಚಾಚಾ. ಊರು ಸುತ್ತಿ ಬಂದು ಮತ್ತೆ ಅಲ್ಲೇ ನಿಲ್ಲುತ್ತೆ."

"ಎಲ್ಲಿಗೂ ಹೋಗ್ದಿರೋ ಸವಾರಿ ಜನಕ್ಕೆ ಯಾಕೆ ಬೇಕು?"

ನಾನು ವಾದದಲ್ಲಿ ಬಿಡುವವಳಲ್ಲ. ಮೂಟೆ ಹೊಡೆಯುವ ಕೆಲಸವನ್ನೆಲ್ಲ ಪುಟ್ಟ ಲಾರಿಗಳು ಕಿತ್ತುಕೊಂಡಿದ್ದವು. ಮನೆ ಮಾಲೀಕರಿಗೆ ನೂರಿ ನಿಲ್ಲುವ ಜಾಗದಲ್ಲಿ ಕಾರು ನಿಲ್ಲಿಸಬೇಕಿತ್ತು. ಅಲ್ಲಿ ಮಣ್ಣಿನ ನೆಲವಿದೆ, ಹುಲ್ಲಿದೆ, ನೆರಳಿದೆ, ಹಾರನ್ ಇಲ್ಲ ಎಂದು ಒಂದು ವಾರ ಕೊರೆದೆ. ಕೊನೆಗೆ ಚಾಚಿಯೇ, "ಟೀಚರಮ್ಮ ಓದಿದೋರು, ಕೆಟ್ಟದ್ದು ಹೇಳ್ತಾರಾ?" ಎಂದರು. ಅರ್ಜಿ ಬರೆದೆ. ಚಾಚಾ ನೂರಿಯೊಡನೆ ಅಲ್ಲಿಯೇ ಒಂದು ಕೋಣೆಯಲ್ಲಿ ಇರುವುದು, ಶುಕ್ರವಾರ ಮನೆಗೆ ಬಂದು ಹೋಗುವುದು ಎಂದಾಯಿತು.

ಭಾನುವಾರಗಳಂದು ಚಾಚಿ, ರೇಷ್ಮಾ, ನಾನು ಅಲ್ಲಿಗೆ ಹೋಗುತ್ತಿದ್ದೆವು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಿಸಬೇಕು, ಆ ನೂಕುನುಗ್ಗಲಿನಲ್ಲಿ ಚಾಚಿ ಹುರುಳಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡು ಹತ್ತುತ್ತಿದ್ದರು. ಗಂಡನನ್ನು ನೋಡಲು ಹೆಂಡತಿ ಗೇಟಿನಲ್ಲಿ ಟಿಕೆಟ್ ತೆಗೆದುಕೊಳ್ಳಬೇಕಿತ್ತು. ಅದನ್ನೂ ನಾವು ಮೊದಮೊದಲು ತಮಾಷೆ ಎಂದುಕೊಂಡು ನಕ್ಕೆವು.

ನಗಲು ಬೇಕಾದಷ್ಟಿತ್ತು. ಚಾಚಾರ ಲುಂಗಿ ಟೋಪಿ ಬಿಡಿಸಿ ಕೆಂಪು ಪೇಟ, ಅಂಚಿನ ಕೋಟು ತೊಡಿಸಿದ್ದರು. "ಹಳೇ ಕಾಲದವ್ರ ಥರ ಕಾಣ್ಬೇಕಂತೆ. ನಾನು ಇನ್ಯಾವ ಕಾಲದವ್ನು?" ಎಂದು ಪೇಟ ಕಿತ್ತು ನೂರಿಯ ತಲೆಗಿಟ್ಟರು. ಜಟಕಾದ ಪಕ್ಕದಲ್ಲಿ ಒಂದು ಬೋರ್ಡು: 'ನಮ್ಮ ಪೂರ್ವಜರ ವಾಹನ'. ರೇಷ್ಮಾಳಿಂದ ಅದನ್ನು ಓದಿಸಿಕೊಂಡು, ಪೂರ್ವಜರು ಎಂದರೆ ಯಾರೆಂದು ನನ್ನನ್ನು ಕೇಳಿದರು. ಹೇಳಿದೆ.

"ಅಂದ್ರೆ ಸತ್ತೋರು. ನಾನು ಇನ್ನೂ ಉಸಿರಾಡ್ತಿದೀನಲ್ಲಮ್ಮ!"

ಮೂಲೆಯಲ್ಲಿ 'ಜಟಕಾದವನ ಮನೆ' ಎಂಬ ಒಂದು ಗುಡಿಸಲು ಬೇರೆ. ಒಳಗೆ ಸಿಮೆಂಟಿನ ಹೆಂಗಸೊಬ್ಬಳು ಒಲೆ ಊದುತ್ತ ಕೂತಿದ್ದಳು. ಚಾಚಿ ಅವಳ ಮುಂದೆ ಬಹಳ ಹೊತ್ತು ನಿಂತು, "ಪುಣ್ಯವಂತೆ. ಹೊಗೆನೂ ಇಲ್ಲ, ಗಂಡನ ಬೈಗುಳನೂ ಇಲ್ಲ" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಾಚಾ. ಆ ಒಂದು ವರ್ಷ ನಾವು ನಿಜಕ್ಕೂ ಸಂತೋಷವಾಗಿದ್ದೆವು, ಅದನ್ನು ಅಲ್ಲಗಳೆಯಲಾರೆ.

ಜಟಕಾ ಹೋಗುವ ದಾರಿ ಒಂದು ವೃತ್ತ. ಬಾಣದ ಗುರುತು ಹಾಕಿದ್ದರು, ಯಾವಾಗಲೂ ಎಡಕ್ಕೇ ತಿರುಗಬೇಕು. ಹಾಗೆ ಬಂದರೆ ಮಾತ್ರ ಬಾವಿಯ ಮುಂದೆ ಫೋಟೋ ತೆಗೆಯುವವರಿಗೆ ಸವಾರರ ಮುಖ ಕಾಣುತ್ತದಂತೆ. ಚಾಚಾ ಮೊದಲ ದಿನವೇ ಮ್ಯಾನೇಜರಿಗೆ ಹೇಳಿದ್ದರು, ಒಂದು ದಿನ ಎಡಕ್ಕೆ ಹೋದರೆ ಮಾರನೆಯ ದಿನ ಬಲಕ್ಕೆ ಬಿಡಿ ಎಂದು. ಆಗಲಿಲ್ಲ. ಅದಕ್ಕೇ ಗೇಟು ಮುಚ್ಚಿದ ಮೇಲೆ, ಸಂಜೆ, ಗಾಡಿ ಬಿಚ್ಚಿ ನೂರಿಯನ್ನು ಬರಿಮೈಯಲ್ಲಿ ಅದೇ ದಾರಿಯಲ್ಲಿ ಹಿಂದುಮುಂದಾಗಿ, ಬಲಕ್ಕೆ ತಿರುಗಿಸುತ್ತ, ನಡೆಸುತ್ತಿದ್ದರು. ಹಗಲು ಎಷ್ಟು ಸುತ್ತೋ ಸಂಜೆ ಅಷ್ಟೇ ಸುತ್ತು.

"ಹಗಲೆಲ್ಲ ಸುತ್ತಿದ್ದನ್ನ ಸಂಜೆ ಬಿಚ್ತೀನಿ. ಇಲ್ದಿದ್ರೆ ಅವಳ ಕಾಲಲ್ಲೇ ಗಂಟು ಕೂತ್ಬಿಡುತ್ತೆ" ಎನ್ನುತ್ತಿದ್ದರು. ಅರವತ್ತೈದು ದಾಟಿದ ಮನುಷ್ಯ ಕುದುರೆಯ ಕಿವಿಗೆ ಏನೋ ಹೇಳುತ್ತ ಆ ಬಿಸಿಲಿಳಿದ ಹೊತ್ತಿನಲ್ಲಿ ನಡೆಯುವುದನ್ನು ಕಟ್ಟೆಯ ಮೇಲೆ ಕೂತು ನಾವು ನೋಡುತ್ತಿದ್ದೆವು.

ಎರಡನೆಯ ವರ್ಷ ಸಂಜೆಗಳನ್ನು ಮದುವೆಗೆ ಮುಂಚಿನ ಫೋಟೋ ಶೂಟಿನವರಿಗೆ ಬಾಡಿಗೆ ಕೊಡಲು ಶುರುಮಾಡಿದರು. ಜೋಡಿಗಳು ಬಂದು ಜಟಕಾ ಹತ್ತಿ ಕೂರುತ್ತಿದ್ದವು. ನೂರಿ ಲೈಟಿನ ಮುಂದೆ ಅಲುಗಾಡದೆ ನಿಲ್ಲಬೇಕು. ಬಿಚ್ಚುವ ಸುತ್ತು ನಿಂತುಹೋಯಿತು. ಒಂದು ಭಾನುವಾರ ಚಾಚಾ ಸವೆದ ಲಾಳವೊಂದನ್ನು ತಂದು ನನ್ನ ಕೈಗಿಟ್ಟರು. ಒಂದು ಬದಿ ಬೆರಳಿನಷ್ಟು ದಪ್ಪ, ಇನ್ನೊಂದು ಬದಿ ರೇಜರ್ ಬ್ಲೇಡಿನಂತೆ ತೆಳ್ಳಗೆ.

"ನೀವು ಹೇಳಿದ್ರೆ ಕೇಳ್ತಾನೆ ಆ ಮ್ಯಾನೇಜರು. ಇಂಗ್ಲಿಷ್‌ನಲ್ಲಿ ಒಂದು ಮಾತು ಹೇಳಿ ಟೀಚರಮ್ಮಾ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಆ ದಿನ ಅವನು ಕಾಫಿ ಕೊಡಿಸಿದ, ವಿಸಿಟರ್ಸ್ ಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದ, ಬರೆದುಕೊಟ್ಟೆ. 'ಮಕ್ಕಳು ನೋಡಲೇಬೇಕಾದ ತಾಣ' ಎಂದು ಅದೇ ದುಂಡಗಿನ ಅಕ್ಷರದಲ್ಲಿ. ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ, ಮುಂದಿನ ವಾರವೂ ಹಾಗೇ ಅಂದುಕೊಂಡೆ.

ಆ ಚಳಿಗಾಲದಲ್ಲಿ ಶಾಲೆಯಿಂದ ನಲವತ್ತೆರಡು ಮಕ್ಕಳನ್ನು ಕರೆದುಕೊಂಡು ಹೋದೆ. ಎಲ್ಲರಿಗೂ ಜಟಕಾ ಟಿಕೆಟ್ಟು ಮೊದಲೇ ತೆಗೆಸಿದ್ದೆ. ಒಂದು ಸುತ್ತಿಗೆ ಆರು ಮಕ್ಕಳು. ನಾಲ್ಕು ಸುತ್ತು ಆದ ಮೇಲೆ ಚಾಚಾ ಲಗಾಮು ಕಂಬಕ್ಕೆ ಸುತ್ತಿ ಕೆಳಗಿಳಿದು, ನೂರಿಯ ಮುಂಗಾಲು ಎತ್ತಿ ಗೊರಸಿನ ಮೇಲೆ ಅಂಗೈಯಿಟ್ಟು ನೋಡಿದರು.

"ಇವತ್ತು ಇಷ್ಟು ಸಾಕು. ಕಾಲು ಕಾಯ್ತಾ ಇದೆ. ಇವಳು ಬೇಡ ಅಂತಿದಾಳೆ."

ಮ್ಯಾನೇಜರು ಓಡಿಬಂದ. "ಏನ್ರೀ, ಟಿಕೆಟ್ ತಗೊಂಡಿದಾರೆ ಸ್ಕೂಲಿನವ್ರು!"

"ಹಾಗಾದ್ರೆ ಉಳಿದ ಸುತ್ತು ಬಲಕ್ಕೆ ಬಿಡಿ. ಇನ್ನೊಂದು ಕಾಲ ಮೇಲಾದ್ರೂ ಭಾರ ಬೀಳ್ಲಿ."

"ಬಾಣ ಹಾಕಿರೋದು ಯಾಕೆ ಮತ್ತೆ? ಹಿಂದೆ ಎತ್ತಿನ ಗಾಡಿ ಬರ್ತಿದೆ."

ಚಾಚಾ ಅವನನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು. ಮೆರವಣಿಗೆಯಲ್ಲಿ ಮದುಮಗನನ್ನು ಇಳಿಸಿ ಬಂದ ಮನುಷ್ಯ, ನನ್ನ ಬಾಯಿಂದ ಒಂದು ಮಾತಿಗಾಗಿ ಕಾಯುತ್ತಿದ್ದರು. ನನ್ನ ಹಿಂದೆ ಹದಿನೆಂಟು ಮಕ್ಕಳು ಸಾಲಾಗಿ ನಿಂತಿದ್ದವು. ಒಬ್ಬಳು ಆಗಲೇ ಅಳುತ್ತಿದ್ದಳು. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು ಎಂಬುದು ಟೀಚರುಗಳ ಧರ್ಮ. ಚಾಕ್ಲೇಟು ಹಂಚಿದ ಹಾಗೆ ನಾನು ಎಲ್ಲವನ್ನೂ ಹಂಚುತ್ತ ಬಂದವಳು. ನಾಳೆ ತಾಯಂದಿರು ಗೇಟಿನಲ್ಲಿ ನಿಲ್ಲಿಸಿ ಕೇಳುತ್ತಾರೆ, ನನ್ನ ಮಗುವಿಗೆ ಯಾಕಿಲ್ಲ ಎಂದು.

"ಚಾಚಾ, ಮೂರೇ ಸುತ್ತು. ನನಗೋಸ್ಕರ" ಎಂದೆ.

ಆ 'ನನಗೋಸ್ಕರ' ಎಂಬ ಮಾತಿಗೆ ನನ್ನ ನಾಲಗೆ ಸೀಳಬೇಕು. ಅವರ ಮಗಳಿಗೆ ಪಾಠ ಹೇಳಿದವಳು, ಕೆಲಸ ಕೊಡಿಸಿದವಳು ಎಂಬ ಋಣವನ್ನು ಆ ಒಂದು ಪದದಲ್ಲಿ ವಸೂಲಿ ಮಾಡಿದೆ. ಅವರು ಲಗಾಮು ಬಿಚ್ಚಿದರು. ಆರನೆಯ ಸುತ್ತಿನಲ್ಲಿ ಬಾವಿಯ ತಿರುವಿನ ಬಳಿ ನೂರಿ ಮುಗ್ಗರಿಸಿದಳು. ಏಳನೆಯದಕ್ಕೆ ಚಾಚಾ ಗಾಡಿ ಹತ್ತಲಿಲ್ಲ. ತಮ್ಮ ಭಾರವಾದರೂ ಕಡಿಮೆಯಾಗಲಿ ಎಂದು ಮೂಕಿಗೆ ಹೆಗಲು ಕೊಟ್ಟು ಪಕ್ಕದಲ್ಲೇ ನಡೆದರು. ಆರು ಮಕ್ಕಳು ಹಾಡು ಹೇಳುತ್ತ ಕೈ ಬೀಸುತ್ತಿದ್ದವು. ನಾನೂ ಕೈ ಬೀಸಿದೆ.

ಮಾರನೆಯ ಬೆಳಿಗ್ಗೆ ಅವರು ಗಾಡಿ ಅಲ್ಲೇ ಬಿಟ್ಟು ನೂರಿಯನ್ನು ಹಿಡಿದು ಮನೆಗೆ ಹೊರಟರು. ಕುದುರೆ ಸಾಗಿಸುವ ಗಾಡಿ ಸಿಗಲಿಲ್ಲವೋ, ಇವರು ಕೇಳಲಿಲ್ಲವೋ. ಕೆ.ಆರ್. ಪುರ, ಟಿನ್ ಫ್ಯಾಕ್ಟರಿ, ಬೈಯಪ್ಪನಹಳ್ಳಿ, ಇಂದಿರಾನಗರ, ಪೂರ್ತಿ ಆ ಟ್ರಾಫಿಕ್ಕಿನ ನಡುವೆ ಕುಂಟುವ ಕುದುರೆಯ ಜೊತೆ ನಡೆದರು. ಹತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಗಲ್ಲಿ ಸೇರುವಾಗ ಸಂಜೆಯಾಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ತಲೆ ಎತ್ತಲಿಲ್ಲ.

ಡಾಕ್ಟರು ಬಂದು ಇನ್ನು ಈ ಕಾಲು ಸರಿಹೋಗದು ಎಂದರು. ನೂರಿ ಎರಡು ತಿಂಗಳು ಮೆಟ್ಟಿಲ ಕೆಳಗೆ ಮೂರು ಕಾಲಿನ ಮೇಲೆ ನಿಂತಿದ್ದಳು. ಚಾಚಾ ಹೊರಗೆ ಹೋಗುವುದನ್ನೇ ಬಿಟ್ಟು ಅವಳ ಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತುತ್ತ ಕೂತರು. ಒಂದು ಬೆಳಿಗ್ಗೆ ಅವಳು ಮಲಗಿದಳು, ಏಳಲಿಲ್ಲ. ಕುದುರೆ ಮಲಗಿತೆಂದರೆ ಮುಗಿಯಿತು ಎಂದು ಗಲ್ಲಿಯವರು ಮಾತಾಡಿಕೊಂಡರು. ಮ್ಯೂಸಿಯಂನವರು ಫೋನ್ ಮಾಡಿ ಸಾಂತ್ವನ ಹೇಳಿದರು, ಜೊತೆಗೇ ಬೇರೆ ಕುದುರೆ ಇದ್ದರೆ ತನ್ನಿ ಎಂದೂ ಹೇಳಿದರು. ಚಾಚಾ ಫೋನನ್ನು ರೇಷ್ಮಾಳ ಕೈಗೆ ಕೊಟ್ಟುಬಿಟ್ಟರು.

ನಾನು ಹೋಗಿ ಕ್ಷಮೆ ಕೇಳಿದೆ. ಕೇಳದೆ ಇರಲಾಗಲಿಲ್ಲ. ಅವರು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು.

"ನಿಮ್ದೇನಿಲ್ಲ ಮೇಡಂ" ಎಂದರು.

ಆರು ವರ್ಷ ಟೀಚರಮ್ಮಾ ಎಂದ ಬಾಯಿ ಮೇಡಂ ಎಂದಿತು. ನನಗೆ ಕೆನ್ನೆಗೆ ಬಾರಿಸಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

"ತಪ್ಪು ನಂದೇ. ಇಪ್ಪತ್ತು ವರ್ಷ ಅವಳ ಮಾತು ಕೇಳಿ ಬಾಳ್ದೆ. ಒಂದೇ ಒಂದು ದಿನ ನಿಮ್ಮ ಮಾತು ಕೇಳ್ದೆ."

ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಎರಡು ವರ್ಷ. ಎದುರುಬದುರು ಬಾಗಿಲು, ನಾನು ಹೊರಗೆ ಬಂದರೆ ಅವರು ಒಳಗೆ ಹೋಗುತ್ತಿದ್ದರು. ಹಬ್ಬಕ್ಕೆ ಶಿರಕುರ್ಮಾ ಪಾಯಸ ಎಲ್ಲರ ಮನೆಗೂ ಹೋಗುತ್ತಿತ್ತು, ನಮ್ಮ ಮನೆ ದಾಟಿ ಹೋಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನಿದ್ದೆ. ದೊಡ್ಡ ಮನಸ್ಸಿನ ಬಡ ಮುದುಕ ಕೊನೆಗೆ ಎಲ್ಲವನ್ನೂ ಕ್ಷಮಿಸಿಬಿಡುತ್ತಾನೆಂದು ನಾವು ಓದಿದವರು ನಂಬಿಕೊಂಡಿರುತ್ತೇವೆ. ಅದು ನಮಗೆ ಅನುಕೂಲ. ಚಾಚಾ ನನಗೆ ಆ ಅನುಕೂಲ ಮಾಡಿಕೊಡಲಿಲ್ಲ, ಮಾಡಿಕೊಡಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಸುದ್ದಿ ಕೇಳಿ ಸೆರಗು ತಲೆಗೆ ಹೊದ್ದು ಹೋದೆ. ಮೆಟ್ಟಿಲ ತುಂಬ ಚಪ್ಪಲಿ. ಹೆಂಗಸರ ಕೋಣೆಯಲ್ಲಿ ಚಾಚಿ ಗೋಡೆಗೊರಗಿ ಕೂತಿದ್ದರು. ಪಕ್ಕದವರು ಸರಿದು ನನಗೆ ಜಾಗ ಕೊಟ್ಟರು. ಚಾಚಿಯ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ. ನನಗೆ ಎಷ್ಟು ಆಸೆಯೆಂದರೆ, ಎರಡು ವರ್ಷಗಳ ಭಾರ ಇಳಿದೇಹೋಯಿತು ಎನಿಸಿತು. ಗಟ್ಟಿಯಾಗಿ ಅತ್ತೆ. ಬಹಳ ಹೊತ್ತಾದ ಮೇಲೆ ಮಾತಾಡಿಸುವ ಧೈರ್ಯ ಬಂತು.

"ಚಾಚಿ, ಕೊನೆಗೆ ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಚಾಚಿ ನನ್ನ ಕಡೆ ತಿರುಗಿದರು. ಕಣ್ಣು ಒಣಗಿತ್ತು, ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅಂದ್ರು. ಆ ಟೀಚರ್ ಬಂದ್ರೆ ಬಾಗಿಲು ತೆಗೀಬೇಡ ಅಂದ್ರು."

ಆಮೇಲೆ ಸೆರಗು ಸರಿಮಾಡಿಕೊಂಡು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಏನ್ ಮಾಡ್ಲಿ, ಸಾವಿನ ಮನೆ. ಬಾಗಿಲು ಹಾಕೋ ಹಾಗಿಲ್ಲ."